ಗ್ಲೌಸ್ ತೊಟ್ಟ ಚಿಕ್ಕಮ್ಮ

"ಏನ್ ಮೇಡಂ, ಬೈಕ್ ಎಲ್ಲಿ ಬಿಟ್ಟು ಬಂದ್ರಿ?"

ಕಳೆದ ಸೋಮವಾರ ಸಂಜೆ, ಹೊಸಕೋಟೆ ಬಸ್ಸಿನ ಕಂಡಕ್ಟರ್ ಕೇಳಿದ ಪ್ರಶ್ನೆ. ಕಣ್ಣು ನನ್ನ ಗುಲಾಬಿ ಗ್ಲೌಸ್ ಮೇಲೆ.

ಅಮ್ಮನ ಹಳೇ ಕಾಟನ್ ಸೀರೆಗಳಲ್ಲಿ ಹೊಲಿಸಿದ ಎರಡು ಜೊತೆ. ಸೋಮವಾರ ಗುಲಾಬಿ, ಮಂಗಳವಾರ ಹಳದಿ, ಬುಧವಾರ ಮತ್ತೆ ಗುಲಾಬಿ. (ಡೈರಿಯಲ್ಲಿ ಬರೆದಿಟ್ಟಿದ್ದೇನೆ, ನಗಬೇಡಿ.) ದಿನಾ ಸಂಜೆ ಬಿಸಿನೀರು, ಸೋಪು. ಬಲಗೈ ಗ್ಲೌಸಿನ ಹೆಬ್ಬೆರಳ ತುದಿ ಮಾತ್ರ ಕತ್ತರಿಸಿದ್ದೆ. ಫೋನ್ ಒತ್ತಬೇಕಲ್ಲ!

ಇಷ್ಟೆಲ್ಲ ಯಾಕೆ? ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ. ಮಗು ದಿನ ತುಂಬುವ ಮೊದಲೇ ಹುಟ್ಟಿದ್ದು. ಮನೆಗೆ ಬಂದ ದಿನವೇ ಅಕ್ಕ ಕಾನೂನು ಮಾಡಿದಳು: "ಬಸ್ಸಿನ ಕಂಬಿ ಹಿಡಿದ ಕೈ ನನ್ನ ಮಗೂನ ಮುಟ್ಟಂಗಿಲ್ಲ." ಮನೆಯಲ್ಲಿ ಬಸ್ಸು ಹತ್ತುವವಳು ನಾನೊಬ್ಬಳೇ. ಬಾಗಿಲಲ್ಲೇ ನಿಂತು ನೋಡಬೇಕಾದವಳೂ ನಾನೊಬ್ಬಳೇ. ಗ್ಲೌಸ್ ತೋರಿಸಿದಾಗ "ಒಂದು ವಾರ ನೋಡ್ತೀನಿ" ಅಂದಿದ್ದಳು. ಆ ಸೋಮವಾರಕ್ಕೆ ವಾರ ಮುಗಿದಿತ್ತು.

ಕಿಟಕಿ ಪಕ್ಕದ ಸೀಟು. ಕೆರೆ ನೀರಿನಲ್ಲಿ ಬಿಸಿಲು ನಿಧಾನಕ್ಕೆ ಕರಗುತ್ತಿತ್ತು. ಫೋನಿನಲ್ಲಿ ಮಗುವಿನ ಫೋಟೋ ನೋಡುತ್ತಾ ಕೂತೆ. ಆ ಬೆರಳು ಹೇಗಿರಬಹುದು? ಹಿಸುಕಿದ ಅವರೆಬೇಳೆಯಷ್ಟು ನುಣುಪಾ? ಯೋಚನೆಯಲ್ಲೇ ನನ್ನ ಸ್ಟಾಪ್ ದಾಟಿಹೋಯಿತು.

ಮನೆ ತಲುಪಿದವಳೇ ಗ್ಲೌಸ್ ಬಕೆಟ್ಟಿಗೆ ಹಾಕಿದೆ. ಮೊಣಕೈವರೆಗೆ ಸೋಪು. ಬಟ್ಟೆ ಬದಲು. ಬಾಗಿಲಲ್ಲಿ ನಿಂತು, "ಅಕ್ಕಾ, ಮೊದಲು ಒಂದು ಫೋಟೋ" ಅಂತ ಫೋನ್ ಎತ್ತಿದೆ.

"ಲೇ, ಆ ಫೋನು ಬಸ್ಸಲ್ಲಿ ಯಾವ ಕೈಲಿತ್ತು?"

"ಗ್ಲೌಸ್ ಕೈಲಿ."

"ಗ್ಲೌಸು ಏನ್ ಹಿಡ್ಕೊಂಡಿತ್ತು?"

"ಕಂಬಿ..."

"ಕಂಬೀನೇ ಮನೆಗೆ ತಂದಿದೀಯಲ್ಲೇ! ಗ್ಲೌಸ್ ಒಗೀತೀಯ, ಫೋನ್ ಒಗೀತೀಯಾ?"

ಅಡುಗೆಮನೆಯಲ್ಲಿ ಅಮ್ಮ ನಕ್ಕಿದ್ದು ಕೇಳಿಸಿತು. ನನಗೆ ಅಳು. ಇಡೀ ವಾರ ವೇಸ್ಟ್! ಫೋನನ್ನು ಹೊರಗೆ ಜಗಲಿ ಮೇಲಿಟ್ಟು, ಮತ್ತೆ ಕೈ ತೊಳೆದು ಬಂದು ಹೊಸ್ತಿಲ ಬಳಿ ಕೂತೆ. ಹಿತ್ತಲ ತಂತಿಯ ಮೇಲೆ ಹಳದಿ ಗ್ಲೌಸ್ ಗಾಳಿಗೆ ಟಾಟಾ ಮಾಡುತ್ತಿದ್ದವು.

ಅಕ್ಕ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ನನ್ನ ಕಡೆ ತಿರುಗಿದಳು.

"ಕೈ ಇನ್ನೂ ಒದ್ದೆ ಇದೆಯಲ್ಲೇ. ಒರೆಸ್ಕೊಂಡು ಬಾ."

ಹೋದೆ. ಮಗುವಿನ ಕೈಗೂ ಪುಟ್ಟ ಗ್ಲೌಸ್, ಮುಖ ಪರಚಿಕೊಳ್ಳದಿರಲಿ ಅಂತ. ಅದೂ ಅದೇ ಗುಲಾಬಿ ಸೀರೆಯದು! ಅಕ್ಕ ಮೆಲ್ಲಗೆ ಬಿಚ್ಚಿದಳು. ಮಗು ಬರಿಗೈಯಿಂದ ನನ್ನ ಬರಿಬೆರಳನ್ನು ಹುಡುಕಿ, ಹಿಡಿದು, ಹಾಗೇ ನಿದ್ದೆ ಹೋಯಿತು.

ಜಗಲಿ ಮೇಲೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಇಂಥ ಹಿಡಿತ ಬಿಡಿಸಿಕೊಂಡು ಎದ್ದು ಹೋಗೋರು ಯಾರು ಹೇಳಿ?