ಹಗ್ಗದ ಇನ್ನೊಂದು ತುದಿ

ಹಗ್ಗ ಹೊಸೆಯಲು ಇಬ್ಬರು ಬೇಕು. ಮಮದಾಪುರದ ಮಾದರ ಕೇರಿಯಲ್ಲಿ ಒಂದು ತುದಿ ಉದ್ದಪ್ಪನ ಕೈಯಲ್ಲಿದ್ದರೆ ಇನ್ನೊಂದು ತುದಿ ಗೆಳೆಯ ವಿಠ್ಠಲನ ಕೈಯಲ್ಲಿರುತ್ತಿತ್ತು. ಮೀಸೆ ಮೂಡುವ ಮೊದಲಿನಿಂದಲೂ ಹಾಗೆಯೇ.

ಕತ್ತಾಳೆ ನಾರಿನ ಹಗ್ಗ, ಚೀಲಗಳನ್ನು ದೊಡ್ಡ ಪೇಟೆಗಳಿಗೆ ಕಳಿಸುವ ಕಂಪನಿಯೊಂದರ ಅಶೋಕ ಸಾಹೇಬರು ಕೇರಿಗೆ ಬಂದಾಗ ಕೇಳಿದ ಮೊದಲ ಮಾತು, "ಕೂಲಿ ಎಷ್ಟು ಕೇಳತೀರಿ?"

"ಕೂಲಿ ಬ್ಯಾಡ್ರಿ ಸಾಹೇಬ್ರ, ಪಾಲು ಕೊಡ್ರಿ," ಅಂದ ಉದ್ದಪ್ಪ. "ಮಾಲಿನ ಮ್ಯಾಲೆ ನಮ್ಮ ಕೇರಿ ಹೆಸರೂ ಇರಲಿ."

"ಪಾಲಿಗೆ ಬಂಡವಾಳ ಬೇಕಲ್ಲೋ, ನಿಮ್ಮದೇನೈತಿ?"

ಉದ್ದಪ್ಪ ಹಗ್ಗದ ತುದಿಯನ್ನು ಅವರ ಕೈಗಿಟ್ಟ. "ಜಗ್ಗ್ರಿ."

ಸಾಹೇಬರು ಜಗ್ಗಿದರು. ಇನ್ನೊಂದು ತುದಿ ವಿಠ್ಠಲನ ಕೈಯಲ್ಲಿತ್ತು, ಹಗ್ಗ ಅಲುಗಲಿಲ್ಲ; ಅವರ ಇನ್ನೊಂದು ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಕೇರಿಯೆಲ್ಲ ನಕ್ಕಿತು, ಅವರೂ ನಕ್ಕರು. ಪಾಲುದಾರಿಕೆ ಕುದುರಿತು. ಒಂದೇ ಷರತ್ತು: ಮೊದಲ ಲೋಡು ಹೇಳಿದ ದಿನಕ್ಕೆ ಸಿದ್ಧವಿರಬೇಕು.

ಆ ವರ್ಷ ಮಳೆ ಮುಂಚೆಯೇ ಹಿಡಿಯಿತು. ಒಣಗಲು ಹಾಕಿದ ನಾರು ಬಹುಪಾಲು ಕೊಳೆತುಹೋಯಿತು. ಉಳಿದದ್ದು ಲೋಡಿಗಷ್ಟೇ ಸಾಕಾಗುತ್ತಿತ್ತು. ಲೋಡಿನ ದಿನದ ಬೆನ್ನಿಗೇ ಕಾರ ಹುಣ್ಣಿಮೆ. ಆ ಹಬ್ಬಕ್ಕೆ ಊರಿನ ಎತ್ತುಗಳಿಗೆ ಹೊಸ ಹಗ್ಗ ಕೊಡುವುದು ಉದ್ದಪ್ಪನ ಮನೆತನದ ಕೆಲಸ. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತರು ಆಯದ ಕಾಳು ಕೊಡುತ್ತಿದ್ದರು. ಈಚೆಗೆ ಕೊಡುವವರು ಕಡಿಮೆಯಾಗಿದ್ದರು.

"ಕಂಪನಿ ಕೆಲಸ ಮುಗಸೋಣೋ ಮಾರಾಯ," ಎಂದ ವಿಠ್ಠಲ. "ಎಲ್ಲಾರೂ ಗೋಕಾಕ ಸಂತ್ಯಾಗ ನೈಲಾನ್ ತಂದಾರ."

"ನಮ್ಮಪ್ಪ ಆಯ ತಿಂದ ಮನಿ ಅದಾವು. ಹಬ್ಬದಾಗ ಎತ್ತಿನ ಕೊಳ್ಳಿಗೆ ಸಂತೀ ಹಗ್ಗ ಹಾಕಸಲೇನು? ಸಾಹೇಬ್ರಿಗೆ ತಿಳಿಸಿ ಹೇಳಿದ್ರಾತು."

ಇಬ್ಬರೂ ಅರ್ಧ ನಾರಿನಲ್ಲಿ ಎತ್ತಿನ ಹಗ್ಗ ಹೊಸೆದು ರೈತರ ಮನೆಮನೆಗೆ ಕೊಟ್ಟರು. ಎಷ್ಟು ಹೇಳಿದರೂ ಸಾಹೇಬರಿಗೆ ತಿಳಿಯಲಿಲ್ಲ. ಟ್ರಕ್ಕು ಅರ್ಧ ಖಾಲಿ ಮರಳಿತು. "ಹಿಂಗಾದ್ರ ಪಾಲು ಹೆಂಗ ಆಗತೈತಿ? ಬೇಕಾದ್ರ ಪಗಾರಕ್ಕ ಬರ್ರಿ," ಎಂದುಬಿಟ್ಟರು.

ಹುಣ್ಣಿಮೆಯ ಸಂಜೆ ಗೆಳೆಯರಿಬ್ಬರೂ ಊರ ಅಗಸಿ ಬಾಗಿಲ ಬಳಿ ನಿಂತಿದ್ದರು. ಎತ್ತುಗಳು ಕೆಂಪು, ಹಸಿರು ನೈಲಾನ್ ಹಗ್ಗ ತೊಟ್ಟು ಬಂದವು. ಒಂದರ ಕೊರಳಲ್ಲೂ ಕತ್ತಾಳೆಯ ಹಗ್ಗ ಇರಲಿಲ್ಲ. ಉದ್ದಪ್ಪ ಬಹಳ ಹೊತ್ತು ನೋಡಿದ.

"ಬಣ್ಣ ಚಲೋ ಅದಾವು," ಎಂದ.

ಕೇರಿಯ ಹೆಂಗಸರು ಕಂಪನಿಯ ಶೆಡ್ಡಿಗೆ ಪಗಾರಕ್ಕೆ ಹೋಗತೊಡಗಿದರು, ಉದ್ದಪ್ಪನ ಹೆಂಡತಿ ಗುಡ್ಡವ್ವನೂ. ಹೆಸರಿಲ್ಲದ ಹಗ್ಗ ಟ್ರಕ್ಕು ತುಂಬಿ ಹೋಗುತ್ತಿತ್ತು. ಉದ್ದಪ್ಪ ಆ ಕಡೆ ಹಾಯಲಿಲ್ಲ. ಚಳಿಗಾಲದಲ್ಲಿ ಎದೆನೋವೆಂದು ಘಟಪ್ರಭಾದ ದವಾಖಾನೆಗೆ ಹೋದವನು ಹೆಣವಾಗಿ ಮನೆಗೆ ಬಂದ.

ಚಟ್ಟ ಕಟ್ಟಲು ಯಾರೋ ಅಂಗಡಿಯಿಂದ ನೈಲಾನ್ ಹಗ್ಗ ತಂದರು. ವಿಠ್ಠಲ ಅದನ್ನು ಮುಟ್ಟದೆ ಕುಳಿತೇ ಇದ್ದ. ಅಷ್ಟರಲ್ಲಿ ರೈತರ ಮನೆಯ ಮುದುಕಿ ಕಾಶೆವ್ವ ಬಂದಳು. ಕೈಯಲ್ಲಿ ಉದ್ದಪ್ಪ ಕೊಟ್ಟ ಹಗ್ಗ. ಗೂಟಕ್ಕೆ ತೂಗುಹಾಕಿದ್ದು, ಸುರುಳಿ ಬಿಚ್ಚಿರಲಿಲ್ಲ.

"ಇದರಲೇ ಕಟ್ಟೋ ವಿಠ್ಠಲಾ. ನಮ್ಮ ಎತ್ತಿಗೆ ಹಾಕಲೇ ಇಲ್ಲ. ತಪ್ಪಾತು."

ಗುಡ್ಡವ್ವ ತಲೆ ಎತ್ತಿದಳು. "ಅವತ್ತ ಹಾಕಿದ್ರ ಕಣ್ತುಂಬ ನೋಡತಿದ್ದನಲ್ಲಬೇ ಯವ್ವಾ."

ಕಾಶೆವ್ವ ಹಗ್ಗವನ್ನು ವಿಠ್ಠಲನ ಮುಂದಿಟ್ಟಳು.

ವಿಠ್ಠಲ ಎದ್ದ. ಸುರುಳಿ ಬಿಚ್ಚಿ, ಬಿದಿರಿಗೆ ಸುತ್ತು ಹಾಕಿ, ತನ್ನ ತುದಿಯನ್ನು ಹಿಡಿದು ರೂಢಿಯಂತೆ, "ಹಾಂ, ಜಗ್ಗೋ" ಎಂದ.

ಆ ತುದಿಯಲ್ಲಿ ಯಾರೂ ಇರಲಿಲ್ಲ. ಅವನು ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತ. ಆಮೇಲೆ ಚಟ್ಟವನ್ನು ಸುತ್ತಿ ಆ ಬದಿಗೆ ಹೋಗಿ, ಇನ್ನೊಂದು ತುದಿಯನ್ನೂ ತಾನೇ ಜಗ್ಗಿದ.