ಪದರಕ್ಕೆ ಮೂವತ್ತೈದು ಕುಟ್ಟು

ಬೆಳಗಿನ ಆರು ಗಂಟೆ. ಶಂಕರಪುರಂನ ಈ ಅಡ್ಡರಸ್ತೆಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಎಚ್ಚರವಾಗಿರುವುದು ಕಟ್ಟಡದ ಸೈಟೊಂದೇ. ಮೂರನೆಯ ಮಹಡಿಯ ಕಂಬಗಳಿಗೆ ಕಾಂಕ್ರೀಟ್ ಬೀಳುತ್ತಿದೆ. ಅದೇ ಕಾಂಕ್ರೀಟನ್ನು ಒಂದು ಬಾಂಡ್ಲಿ ತರಿಸಿಕೊಂಡು ಎಂಜಿನಿಯರ್ ಲಾಸ್ಯಾ ಕುಕ್ಕರಗಾಲಲ್ಲಿ ಕೂತಿದ್ದಾರೆ. ಮುಂದೆ ಚೋಟುದ್ದ, ಚೋಟಗಲದ ಮೂರು ಕಬ್ಬಿಣದ ಅಚ್ಚು. ಒಂದೊಂದಕ್ಕೂ ಮೂರು ಪದರ ತುಂಬಬೇಕು, ಪದರಕ್ಕೆ ಮೂವತ್ತೈದು ಸಲ ಸರಳಿನಿಂದ ಕುಟ್ಟಬೇಕು. ಬಾಯಲ್ಲೇ ಎಣಿಸುತ್ತಾರೆ. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆಯ ದನಿ ಏರುತ್ತದೆ.

ಈ ಅಚ್ಚಿನ ಗಟ್ಟಿಗೆ ಕ್ಯೂಬು ಎನ್ನುತ್ತಾರೆ. ಇಪ್ಪತ್ತೆಂಟು ದಿನ ನೀರಲ್ಲಿಟ್ಟು ಲ್ಯಾಬಿನ ಯಂತ್ರದಲ್ಲಿ ಒಡೆಸಿದರೆ ಕಂಬದ ಕಾಂಕ್ರೀಟಿಗೆ ಎಷ್ಟು ಬಲವಿದೆ ಎಂದು ತಿಳಿಯುತ್ತದೆ. ನೀರಲ್ಲಿಡಲು, ಇಲ್ಲಿ ಕೆಡವಿದ ಹಳೇ ಮನೆಯ ಬಚ್ಚಲ ತೊಟ್ಟಿಯೇ ಗತಿ. ಪಕ್ಕದಲ್ಲಿ ಮೇಸ್ತ್ರಿ ಮುತ್ತುರಾಜ್ ಇನ್ನೊಂದು ಬಾಂಡ್ಲಿ ಇಟ್ಟುಕೊಂಡು ನಿಂತಿದ್ದಾರೆ. ಅದರಲ್ಲಿರುವುದು ಸಿಮೆಂಟನ್ನು ಧಾರಾಳವಾಗಿ ಸುರಿದು ಬೇರೆಯಾಗಿಯೇ ಕಲಸಿದ್ದು. ಕಂಬಕ್ಕಲ್ಲ, ಕ್ಯೂಬಿಗೆ. “ಲ್ಯಾಬಿಗೊಂದು ಕಲಸು, ಮನೆಗೊಂದು ಕಲಸು. ನಾ ಕಂಡಿದ್ದೆಲ್ಲಾ ಹಿಂಗೇ ಮೇಡಂ. ತಗೊಳ್ಳಿ, ಸುಮ್ನೆ ಯಾಕೆ ತಲೆನೋವು” ಎನ್ನುತ್ತಾರೆ ಅವರು. ಲಾಸ್ಯಾ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಇವರ ತಾಯಿ ಮಾರಕ್ಕ ಇದೇ ಬೀದಿಗಳಲ್ಲಿ ಇಪ್ಪತ್ತಾರು ವರ್ಷ ತಲೆಯ ಮೇಲೆ ಬಾಂಡ್ಲಿ ಹೊತ್ತವರು. ಮಗಳು ಚಾಮರಾಜಪೇಟೆಯ ಒಂದೂವರೆ ಕೋಣೆಯ ಮನೆಯಲ್ಲಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕ ಇಟ್ಟುಕೊಂಡು ಸಿವಿಲ್ ಎಂಜಿನಿಯರಿಂಗ್ ಓದಿದರು. ಅರವತ್ತು ಜನರ ಆ ತರಗತಿಯಲ್ಲಿ ಇವತ್ತು ಸಿಮೆಂಟು ಮುಟ್ಟುತ್ತಿರುವವರು ಏಳೇ ಜನ. ಒಬ್ಬ ಸಹಪಾಠಿ ಮೊನ್ನೆ ಇದೇ ಸೈಟಿಗೆ ಊಟದ ಪಾರ್ಸೆಲ್ ತಂದುಕೊಟ್ಟು, ಹೆಲ್ಮೆಟ್ ತೆಗೆಯದೆ ಹೋದ.

ಹಾಗಂತ ಕೆಲಸಕ್ಕೇನು ಬರವೇ? ಸೈಟಿನಿಂದ ಮನೆಗೆ ನಡೆಯುವ ದಾರಿಯಲ್ಲಿ ಲಾಸ್ಯಾ ಹದಿನಾಲ್ಕು ಹೊಸ ಕಟ್ಟಡ ಎಣಿಸಿದ್ದಾರೆ. ಎಂಜಿನಿಯರ್ ದಿನವೂ ಬಂದು ನಿಲ್ಲುವುದು ಎರಡರಲ್ಲಿ. ಉಳಿದ ಕಡೆ ನಕ್ಷೆಗೆ ಒಂದು ಸಹಿ ಬಿತ್ತೆಂದರೆ ಅವರ ಕಥೆ ಮುಗಿಯಿತು. ವಾಸ್ತು ನೋಡುವವರಿಗೆ ಮಾತ್ರ ಮನೆ ಕಟ್ಟಿಸುವವರು ಕಾರು ಕಳಿಸಿ ಮೂರು ಮೂರು ಸಲ ಕರೆಸುತ್ತಾರೆ. ಅಡುಗೆಮನೆಯ ಬಾಗಿಲು ಅರ್ಧ ಅಡಿ ಸರಿದರೆ ನಿದ್ದೆಗೆಡುತ್ತಾರೆ. ತಲೆಯ ಮೇಲಿನ ಸೂರು ನಿಲ್ಲುತ್ತದೋ ಇಲ್ಲವೋ ಎಂದು ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಓದಿದ ಮಕ್ಕಳನ್ನು ಹೀಗೆ ಬೀದಿಗೆ ಬಿಟ್ಟು ಮನೆಗೆ ಗೃಹಪ್ರವೇಶ ಬೇರೆ ಮಾಡುತ್ತೇವೆ. ನಮಗೆ ನಾಚಿಕೆಯಾಗಬೇಕು.

ಲಾಸ್ಯಾ ಈ ಸೈಟಿನ ಕಂಟ್ರಾಕ್ಟರ್ ಹತ್ತಿರ ಎಂಜಿನಿಯರಾಗಿ ಸೇರಿ ಮೂರು ವರ್ಷ ತುಂಬಿತು. ಮಲ್ಲೇಶ್ವರಂನ ಒಂದು ಕಂಪನಿಯಲ್ಲಿ ಕಾಯಂ ಕೆಲಸ ಖಾಲಿ ಇದೆ. ಎಂಜಿನಿಯರಾಗಿ ದುಡಿದ ಅನುಭವ ಪತ್ರ ಬೇಕು, ಈ ಶನಿವಾರವೇ ಕೊನೆಯ ದಿನ. ಕೇಳಿದ್ದಕ್ಕೆ ಕಂಟ್ರಾಕ್ಟರ್ ಪತ್ರವನ್ನೇನೋ ಕೊಟ್ಟರು. ಅದರಲ್ಲಿ ಇರುವುದು ‘ಸೈಟ್ ಸೂಪರ್‌ವೈಸರ್’. ಒಂದು ಪದಕ್ಕೆ ಮೂರು ವರ್ಷ ನೀರುಪಾಲು.

ಕಂಟ್ರಾಕ್ಟರ್ ಸಿಟ್ಟಿಗೆ ಕಾರಣವಿದೆ. ಕಳೆದ ಸಲ ಲಾಸ್ಯಾ ಕಂಬದ ಕಾಂಕ್ರೀಟಿನಿಂದಲೇ ಮಾಡಿದ ಕ್ಯೂಬು ಲ್ಯಾಬಿನಲ್ಲಿ ಸೋತವು. ಕೆಲಸ ನಿಲ್ಲಿಸಿ ಎರಡು ಕಂಬ ಒಡೆದು ಮತ್ತೆ ಕಟ್ಟಬೇಕಾಯಿತು. “ಈ ಸಲ ಕ್ಯೂಬು ನಾನು ಹೇಳ್ದಂಗೆ ಮಾಡಮ್ಮ, ಲೆಟರ್ ಇವತ್ತೇ ಬದ್ಲಾಯ್ಸಿ ಕೊಡ್ತೀನಿ” ಎಂದಿದ್ದಾರೆ ಕಂಟ್ರಾಕ್ಟರ್. ಮುತ್ತುರಾಜ್ ಹಿಡಿದು ನಿಂತಿರುವ ಬಾಂಡ್ಲಿ ಆ ಲೆಟರಿನ ಬೆಲೆ.

“ಬೈಯೋವಾಗ ನಾನು ಎಂಜಿನಿಯರ್. ಬರೆದು ಕೊಡೋವಾಗ ಸೂಪರ್‌ವೈಸರ್. ಮೈಯೆಲ್ಲಾ ಉರಿಯತ್ತೆ ನೋಡಿ” ಎನ್ನುತ್ತಾರೆ ಲಾಸ್ಯಾ. ಮನೆಯಲ್ಲಿ ಮಾರಕ್ಕನಿಗೆ ಮಗಳಿಗಿಂತ ಹೆಚ್ಚು ಉರಿ. “ನಮ್ಮನ್ನ ಆಳು ಅಂದ್ರು, ಆಳೇ ಆಗಿದ್ವಿ, ಸರಿ. ಇವ್ಳು ಓದವ್ಳೆ. ಇವ್ಳಿಗ್ಯಾಕೆ ಬೇರೆ ಹೆಸ್ರು?”

ಕೊನೆಯ ಪದರದ ಮೂವತ್ತೈದನೇ ಕುಟ್ಟು ಬೀಳುತ್ತದೆ. ಮುತ್ತುರಾಜ್ ತಮ್ಮ ಬಾಂಡ್ಲಿಯನ್ನು ಇನ್ನೊಮ್ಮೆ ಮುಂದಕ್ಕೆ ತಳ್ಳುತ್ತಾರೆ. “ಶನಿವಾರ ದೂರ ಇಲ್ಲ ಮೇಡಂ.”

“ಗೊತ್ತು. ಅದನ್ನೂ ಕಂಬಕ್ಕೇ ಸುರೀರಿ ಅಣ್ಣ, ಗಟ್ಟಿಯಾಗ್ಲಿ.”

ಕರಣೆಯಿಂದ ಮೇಲ್ಮೈ ಸವರಿ, ಮೊಳೆ ಹಿಡಿದು, ಹಸಿ ಕಾಂಕ್ರೀಟಿನ ಮೇಲೆ ಲಾಸ್ಯಾ ತಾರೀಖು ಗೀರುತ್ತಾರೆ, ಕಂಬದ ನಂಬರು ಗೀರುತ್ತಾರೆ. ದಿನವೂ ಅಲ್ಲಿಗೆ ನಿಲ್ಲಿಸುತ್ತಿದ್ದವರು ಇವತ್ತು ಕೆಳಗೆ ಇನ್ನೊಂದು ಸಾಲು ಸೇರಿಸುತ್ತಾರೆ. ‘ಲಾಸ್ಯಾ, ಎಂಜಿನಿಯರ್.’ ಮೂರರ ಮೇಲೂ.

ಮೊಳೆಯನ್ನು ಹಳೇ ಸೀರೆಯ ತುಂಡಿಗೆ ಒರೆಸಿ ಏಳುತ್ತಾರೆ. “ನಾಳೆಗೆ ಕಲ್ಲಾಗತ್ತೆ. ಆಮೇಲೆ ಒಡೀಬೇಕಷ್ಟೇ, ತಿದ್ದಕ್ಕಾಗಲ್ಲ.”