ಕಾಬೂಲಿನ ಟೀಚರಮ್ಮ, ಶಿಕಾರಿಪುರದ ಹಾಜರಿ ಪುಸ್ತಕ

ಆ ಕಾದಂಬರಿಯನ್ನು ಪುಸ್ತಕ ಮಾಡಿಸಿ ಎಂದು ಈಗಲೂ ಹೇಳುವವರಿದ್ದಾರೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ, ಕಾಬೂಲಿನ ಒಂದು ಮನೆತನದ ಕಥೆ ಅದು. ಓದಿದವರು ಬಹಳ ಮಂದಿಯೇನಲ್ಲ, ಆದರೆ ಓದಿದವರು ಮರೆತಿಲ್ಲ. ಅದರಲ್ಲೂ ಕಥೆಯ ಟೀಚರಮ್ಮನನ್ನು ಮರೆತಿಲ್ಲ. ನಾನು ಏನೇನೋ ನೆಪ ಹೇಳಿ ಜಾರಿಕೊಳ್ಳುತ್ತೇನೆ. ಹಸ್ತಪ್ರತಿಯನ್ನು ಗೆದ್ದಲು ತಿಂದಿತೆಂದು ಕೂಡ ಒಮ್ಮೆ ಹೇಳಿದ್ದುಂಟು. ಅದು ನನ್ನ ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಕ್ಷೇಮವಾಗಿಯೇ ಇದೆ. ನಿಜವಾದ ಕಾರಣ ನಾಚಿಕೆ.

ನಾನಾಗ ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಹತ್ತನೇ ತರಗತಿಯ ಕ್ಲಾಸ್ ಟೀಚರೂ ಹೌದು. ಹಾಜರಿ ಪುಸ್ತಕ ನನ್ನ ಕೈಯಲ್ಲಿ. ನಮ್ಮಲ್ಲೊಂದು ರೂಢಿಯಿತ್ತು. ಯಾವ ಸುತ್ತೋಲೆಯಲ್ಲೂ ಇಲ್ಲದ್ದು, ಆದರೆ ಹೊಸದಾಗಿ ಬಂದ ಮೇಷ್ಟರಿಗೆ ಮೊದಲ ವರ್ಷವೇ ಗೊತ್ತಾಗುವಂಥದ್ದು. ಸುಗ್ಗಿಯ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಮಕ್ಕಳು ಗದ್ದೆಗೆ ಹೋಗಿಬಿಡುತ್ತಿದ್ದರು. ಬತ್ತ ಕೊಯ್ದು, ಒಕ್ಕಣೆ ಮುಗಿಸಿ, ಸಂಕ್ರಾಂತಿ ಕಳೆದ ಮೇಲೆ ಅಂಗೈಯ ಬೊಬ್ಬೆ ತೋರಿಸುತ್ತ ಬರುತ್ತಿದ್ದರು. ಅಲ್ಲಿಯವರೆಗೆ ಅವರ ಹೆಸರಿನ ಮುಂದೆ ನಾವು ಗೈರು ಹಾಕುತ್ತಿರಲಿಲ್ಲ. ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕಿ ಇಡುತ್ತಿದ್ದೆವು. ಫೆಬ್ರವರಿಯಲ್ಲಿ ಲೆಕ್ಕ ಕೂಡಿಸುವಾಗ ಚುಕ್ಕಿಯ ಮೇಲೆ ಶಾಯಿಯಲ್ಲಿ ಹಾಜರಿ ಬರೆದುಬಿಡುವುದು. ಇದಕ್ಕೆ ಸ್ಟಾಫ್ ರೂಮಿನಲ್ಲಿ ಸುಗ್ಗಿ ಹಾಜರಿ ಎಂದೇ ಹೆಸರು. ಮಕ್ಕಳ ಪರೀಕ್ಷೆ ತಪ್ಪಬಾರದು, ಅಷ್ಟೇ ಅದರ ಉದ್ದೇಶ. ಒಳ್ಳೆಯ ರೂಢಿ ಎಂದು ನಾನು ಇಂದಿಗೂ ಹೇಳುತ್ತೇನೆ.

ಆ ತರಗತಿಯಲ್ಲಿ ತಗಡಿನ ಟ್ರಂಕು ಮಾಡುವವರೊಬ್ಬರ ಮಗಳು ಇದ್ದಳು. ಅವರ ಅಂಗಡಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ಮುಸ್ಲಿಂ ಮನೆತನ, ಊರಿನಲ್ಲಿ ಎಷ್ಟೋ ತಲೆಮಾರು. ನನ್ನ ಮದುವೆಯ ಟ್ರಂಕು ಕೂಡ ಅವರಲ್ಲೇ ಮಾಡಿಸಿದ್ದು. ಹುಡುಗಿಯ ಅಕ್ಷರ ಎಷ್ಟು ಚೆಂದವೆಂದರೆ ಟ್ರಂಕಿನ ಮುಚ್ಚಳದ ಮೇಲೆ ಗಿರಾಕಿಗಳ ಹೆಸರನ್ನು ಬಣ್ಣದಲ್ಲಿ ಅವಳೇ ಬರೆಯುತ್ತಿದ್ದಳು. ಶಾಲೆಯ ಕಪ್ಪುಹಲಗೆಯ ಮೇಲೆ ದಿನದ ಸುಭಾಷಿತ ಬರೆಯುವ ಕೆಲಸವೂ ಅವಳದ್ದೇ. ಪಾಸಾಗುವುದಿರಲಿ, ಫಸ್ಟ್ ಕ್ಲಾಸು ಬರುವವಳೆಂದು ನಾವೆಲ್ಲ ಗಟ್ಟಿ ನಂಬಿದ್ದೆವು.

ತೊಂಬತ್ತೆರಡರ ಡಿಸೆಂಬರಿನಲ್ಲಿ ದೇಶದ ತುಂಬ ಗಲಾಟೆಯ ಸುದ್ದಿ. ನಮ್ಮ ಊರಲ್ಲಿ ಏನೂ ಆಗಲಿಲ್ಲ. ಆದರೆ ಏನೂ ಆಗದ ಊರಿನಲ್ಲೂ ಭಯ ಇರುತ್ತದೆ, ಅದು ಯಾರ ಮನೆಯೊಳಗೆ ಹೋಗಿ ಕೂರುತ್ತದೋ ಅವರಿಗೆ ಮಾತ್ರ ಗೊತ್ತಾಗುತ್ತದೆ. ಟ್ರಂಕಿನವರು ಮಗಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಐದು ವಾರ. ನಾನು ದಿನಾ ಅವಳ ಹೆಸರಿನ ಮುಂದೆ ಚುಕ್ಕಿ ಇಟ್ಟೆ. ಗದ್ದೆಗೆ ಹೋದ ಹನ್ನೊಂದು ಮಕ್ಕಳ ಚುಕ್ಕಿಗಳ ಸಾಲಿನಲ್ಲೇ ಅವಳದ್ದೂ ಇತ್ತು. ಸಂಕ್ರಾಂತಿಯ ನಂತರ ಎಲ್ಲರಂತೆ ಅವಳೂ ಬಂದಳು.

ಫೆಬ್ರವರಿಯಲ್ಲಿ ನಾನು ಸ್ಟಾಫ್ ರೂಮಿನಲ್ಲಿ ಕೂತು ಚುಕ್ಕಿ ತಿದ್ದುತ್ತಿದ್ದಾಗ ಸಹೋದ್ಯೋಗಿಯೊಬ್ಬರು ಭುಜದ ಮೇಲಿಂದ ಬಗ್ಗಿ ನೋಡಿದರು.

"ಗದ್ದೆಗ್ ಹೋದೋರ್ಗೆ ಸರಿ ಮೇಡಂ. ಟ್ರಂಕಿನ್ ಅಂಗ್ಡೀಲಿ ಏನ್ ಸುಗ್ಗಿ ಐತ್ರೀ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟೇ ಆದದ್ದು. ಯಾರೂ ಒತ್ತಾಯ ಮಾಡಲಿಲ್ಲ, ಹೆಡ್‌ಮಾಸ್ತರರು ಪುಸ್ತಕ ಮುಟ್ಟಿಯೂ ನೋಡಲಿಲ್ಲ. ಆದರೆ ನಗು ನಿಂತ ಮೇಲೆ ನನ್ನ ಕೈ ಬೇರೆ ಕೆಲಸ ಮಾಡಿತು. ಹನ್ನೊಂದು ಮಕ್ಕಳಿಗೆ ಹಾಜರಿ ಬರೆದೆ. ಅವಳೊಬ್ಬಳ ಚುಕ್ಕಿಗಳ ಮೇಲೆ ಕೆಂಪು ಶಾಯಿಯಲ್ಲಿ ಗೈರು ಬರೆದೆ. ನಾಳೆ ಯಾರಾದರೂ ಕೇಳಿದರೆ ಎಂಬ ಪುಕ್ಕಲುತನ. ಅವಳ ಪರವಾಗಿ ಒಂದು ಮಾತು ಆಡಬೇಕಾಗಿ ಬರಬಹುದೆಂಬ ಸೋಮಾರಿತನ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

ಹಾಜರಿ ಸಾಲದೆಂದು ಅವಳ ಹಾಲ್ ಟಿಕೆಟ್ ನಿಂತಿತು. ಅವಳ ತಂದೆಯನ್ನು ಕರೆಸಿ, ಡಾಕ್ಟರ ಸರ್ಟಿಫಿಕೇಟು ತಂದುಕೊಡಿ, ಜ್ವರ ಅಂತ ಇರಲಿ, ಏನಾದರೂ ಮಾಡಬಹುದು ಎಂದೆ. ಅವರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಆಕಿಗೆ ಜ್ವರ ಬಂದಿರ್ಲಿಲ್ಲ ರೀ ಮೇಡಂ. ನನಗೆ ಹೆದ್ರಿಕಿ ಬಂದಿತ್ತು. ಅದಕ್ಕೆ ಸರ್ಟಿಫಿಕೇಟ್ ಯಾವ ಡಾಕ್ಟ್ರು ಕೊಡ್ತಾರ್ರೀ? ಸುಳ್ಳು ಚೀಟಿ ತಂದು ಮಗಳ ಪರೀಕ್ಷೆ ಕಟ್ಟಿಸ್ಲಾ?"

"ನಾನು ಹೆಡ್‌ಮಾಸ್ತರ ಹತ್ತಿರ ತುಂಬಾ ಹೇಳಿ ನೋಡಿದೆ ರೀ. ರೂಲ್ಸು ಅಂದ್ರೆ ರೂಲ್ಸು. ನಾನೇನು ಮಾಡ್ಲಿ?" ಎಂದೆ.

ಹೆಡ್‌ಮಾಸ್ತರ ಹತ್ತಿರ ನಾನು ಒಂದು ಮಾತೂ ಆಡಿರಲಿಲ್ಲ. ಸುಳ್ಳು ಹೇಳಲೊಲ್ಲದ ಮನುಷ್ಯನ ಮುಂದೆ ನಿಂತು, ಹೇಳುವ ಅಗತ್ಯವೇ ಇಲ್ಲದ ಸುಳ್ಳು ಹೇಳಿದೆ. ಹುಡುಗಿಯ ಓದು ಅಲ್ಲಿಗೆ ನಿಂತಿತು. ಮರುವರ್ಷ ಸೇರಿಸಿ ಎಂದು ಹೇಳಲು ಅವರ ಅಂಗಡಿಯವರೆಗೆ ನಾನು ಹೋಗಲಿಲ್ಲ. ಆ ರಸ್ತೆ ಬಿಟ್ಟು ಬೇರೆ ರಸ್ತೆಯಲ್ಲಿ ಶಾಲೆಗೆ ಹೋಗುವ ಅಭ್ಯಾಸ ಮಾಡಿಕೊಂಡೆ. ಮುಂದೆ ಸೊರಬಕ್ಕೆ ವರ್ಗವಾಯಿತು. ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ಸೊರಬ, ಸಂಜೆ ವಾಪಸ್ಸು. ಮರೆಯುವುದು ಸುಲಭವಾಯಿತು.

ತೊಂಬತ್ತಾರರ ಸೆಪ್ಟೆಂಬರಿನಲ್ಲಿ ತಾಲಿಬಾನಿಗಳು ಕಾಬೂಲನ್ನು ಹಿಡಿದರು. ಹೆಣ್ಣುಮಕ್ಕಳ ಶಾಲೆ ಮುಚ್ಚಿದರು, ಟೀಚರಮ್ಮಂದಿರು ಮನೆ ಸೇರಬೇಕು ಎಂದರು. ರೇಡಿಯೋದಲ್ಲಿ ಕೇಳುತ್ತ ಅಡುಗೆಮನೆಯಲ್ಲಿ ನಿಜವಾಗಿ ಅತ್ತೆ. ಒಗ್ಗರಣೆ ಸೀದುಹೋಯಿತು. ಶಾಲೆ ಮುಚ್ಚಿಸಿಕೊಂಡ ಹುಡುಗಿಯರಿಗಾಗಿ ಅಷ್ಟು ಅತ್ತವಳಿಗೆ ಎರಡು ರಸ್ತೆ ಆಚೆಯ ಹುಡುಗಿ ನೆನಪಾಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ. ನನಗೇ ನಂಬಲಾಗುವುದಿಲ್ಲ, ಆದರೆ ಆದದ್ದು ಹಾಗೆಯೇ.

ಆ ವಾರವೇ ಕಾದಂಬರಿ ಶುರು ಮಾಡಿದೆ. ಸಮಾಜ ವಿಜ್ಞಾನದ ಟೀಚರು ತಾನೇ, ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಎಡಗಡೆ ಇಸವಿಗಳನ್ನು ಬರೆದುಕೊಂಡೆ, ಬಲಗಡೆ ಪಾತ್ರಗಳನ್ನು. ಕಾಬೂಲಿನಲ್ಲಿ ಸರ್ಕಾರ ಬದಲಾದಾಗಲೆಲ್ಲ ಯಾರಾದರೊಬ್ಬರ ಹಣೆಬರಹ ಬದಲಾಗಬೇಕು. ಅಜ್ಜ, ದೊರೆಯ ಕಾಲದ ಒಣದ್ರಾಕ್ಷಿ ವ್ಯಾಪಾರಿ. ದೊರೆ ಪರದೇಶದಲ್ಲಿದ್ದಾಗ ಗದ್ದುಗೆ ಹೋಯಿತು, ಅಜ್ಜನಿಗೆ ಅರಮನೆಯ ಗಿರಾಕಿ ತಪ್ಪಿತು. ಎಡಪಕ್ಷದವರು ಅಧಿಕಾರ ಹಿಡಿದ ವರ್ಷ ಅವನ ಮಗ ಸರ್ಕಾರದ ಕಡೆಗೆ ಹೋದ, ಅಪ್ಪ ಮಗ ಮಾತು ಬಿಟ್ಟರು. ರಷ್ಯಾದ ಟ್ಯಾಂಕುಗಳು ಬಂದ ಚಳಿಗಾಲ ದೊಡ್ಡ ಮೊಮ್ಮಗ ಸೈನ್ಯ ಸೇರಿದ, ಚಿಕ್ಕವನು ಬೆಟ್ಟ ದಾಟಿ ಎದುರು ಪಾಳೆಯಕ್ಕೆ ಹೋದ. ಹತ್ತು ವರ್ಷದ ನಂತರ ರಷ್ಯನ್ನರು ಹೊರಟಾಗ ಇಬ್ಬರೂ ಮನೆಗೆ ಬರುತ್ತಾರೆಂದು ತಾಯಿ ಕಾದಳು. ಬಂದವನು ಒಬ್ಬನೇ. ಮತ್ತೆ ಗೆದ್ದವರೇ ತಮ್ಮತಮ್ಮಲ್ಲಿ ನಗರಕ್ಕಾಗಿ ಕಾದಾಡಿದಾಗ ರಾಕೆಟ್ಟು ಬಿದ್ದು ಅರ್ಧ ಮನೆ ಹೋಯಿತು. ಉಳಿದ ಅರ್ಧ ಮನೆಯಲ್ಲಿ ದೊಡ್ಡ ಮೊಮ್ಮಗನ ಹೆಂಡತಿ, ನಮ್ಮ ಟೀಚರಮ್ಮ. ಶಾಲೆ ಮುಚ್ಚಿದ ಮೇಲೆ ಅವಳು ನಾಲ್ಕು ಹುಡುಗಿಯರಿಗೆ ಕದ್ದು ಪಾಠ ಹೇಳುತ್ತಾಳೆ. ಬುರ್ಖಾದೊಳಗೆ ಪುಸ್ತಕ ಕಟ್ಟಿಕೊಂಡು, ಬಂದೂಕಿನವರ ಮುಂದೆಯೇ ನಡೆದು, ಬರಲಾಗದ ಹುಡುಗಿಯ ಮನೆಗೆ ತಾನೇ ಹೋಗುತ್ತಾಳೆ.

ಹಿಮ ಎಂದರೆ ಐಸ್‌ಕ್ಯಾಂಡಿ ಡಬ್ಬಿಯೊಳಗೆ ಇಣುಕಿ ನೋಡಿದ್ದಷ್ಟೇ ನನಗೆ ಗೊತ್ತು. ಆದರೂ ಧೈರ್ಯ ನೋಡಿ, ಪುಟಗಟ್ಟಲೆ ಹಿಮ ಸುರಿಸಿದೆ. ಸೊರಬದ ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಬರೆಯುತ್ತಿದ್ದೆ. "ನಿಮ್ ಕಾಬೂಲಿನ್ ಜನ ಎಲ್ಲಾ ಶಿರಾಳಕೊಪ್ಪದ್ ಸಂತೆಗೆ ಹೊಂಟಂಗ್ ಕಾಣ್ತಾರಲ್ರೀ" ಎಂದು ಸೊರಬದ ಡ್ರಿಲ್ ಮೇಷ್ಟರು ತಮಾಷೆ ಮಾಡಿದರು. ನಾನು ಸಿಟ್ಟು ಮಾಡಿಕೊಂಡೆ. ಆದರೆ ಓದುಗರು ಪತ್ರ ಬರೆದರು. ಸೊರಬದ ಮಹಿಳಾ ಮಂಡಳಿಯವರು ಶಾಲು ಹೊದಿಸಿದರು. ಕಥೆಯ ಟೀಚರಮ್ಮ ಬೇರೆಯಲ್ಲ, ಈ ಲೇಖಕಿ ಬೇರೆಯಲ್ಲ ಎಂದು ಒಬ್ಬರು ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತೆ. ಜನ ಅದನ್ನು ವಿನಯ ಎಂದುಕೊಂಡರು. ಆಗ ನಿಜವಾಗಿಯೂ ಅದು ವಿನಯವೇ ಆಗಿತ್ತು. ನನ್ನ ಬಗ್ಗೆ ನನಗೆ ಅಷ್ಟು ಒಳ್ಳೆಯ ಅಭಿಪ್ರಾಯವಿತ್ತು.

ಧಾರಾವಾಹಿ ಮುಗಿಯಲು ಇನ್ನೂ ಕೆಲವು ಕಂತು ಇದ್ದಾಗ, ಒಂದು ಶನಿವಾರ ಮಧ್ಯಾಹ್ನ ಟ್ರಂಕಿನವರ ಮಗಳು ಮನೆಗೆ ಬಂದಳು. ಇಪ್ಪತ್ತರ ಹೆಂಗಸಾಗಿದ್ದಳು. ಬೆರಳ ಸಂದಿಯಲ್ಲಿ ಹಸಿರು ಬಣ್ಣ. ಅವಳ ಕೈಯಲ್ಲಿ, ಪತ್ರಿಕೆಯಿಂದ ಕತ್ತರಿಸಿ ಗೋಣಿದಾರದಲ್ಲಿ ಹೊಲಿದ ನನ್ನ ಕಂತುಗಳಿದ್ದವು.

"ವಾರವಾರ ಅಮ್ಮಗೆ ಓದಿ ಹೇಳ್ತೀನಿ ಮೇಡಂ" ಎಂದಳು. "ಅಪ್ಪನೂ ಸುತ್ಗೆ ನಿಲ್ಸಿ ಕೇಳ್ತಾನೆ. ಆ ಟೀಚರಮ್ಮ ಹುಡ್ಗಿ ಮನೆಗೇ ಹೋಗೋ ವಾರ ಅಮ್ಮ ಅತ್ತೇಬಿಟ್ಳು. ಅದನ್ ಓದಿ ನಂಗೆ ಧೈರ್ಯ ಬಂತ್ರೀ. ಪ್ರೈವೇಟಾಗಿ ಎಸ್ಸೆಸ್ಸೆಲ್ಸಿ ಕಟ್ತೀನಿ. ನೀವು ಪಾಠ ಹೇಳ್ಕೊಡ್ತೀರಾ? ಕಥೆ ಟೀಚರಮ್ಮನಂಗೆ?"

ಅರ್ಜಿಯ ಕರಡನ್ನೂ ತಂದಿದ್ದಳು. ಅದರ ಜೊತೆ, ಆಗ ಪರೀಕ್ಷೆಗೆ ಯಾಕೆ ಕೂರಲಿಲ್ಲವೆಂದು ಒಂದು ಪತ್ರ. ಅದೇ ಮುತ್ತಿನಂಥ ಅಕ್ಷರ. "ನನ್ನ ತಂದೆಯವರ ತಪ್ಪಿನಿಂದ ನನಗೆ ಹಾಜರಿ ಕಡಿಮೆಯಾಗಿ" ಎಂದಿತ್ತು.

"ಇದನ್ನ ಯಾಕೆ ಹೀಗೆ ಬರ್ದೆ?"

"ಅಪ್ಪನೇ ಹಂಗ್ ಬರಿ ಅಂದ್ನಲ್ರೀ."

ಐದು ಸರ್ಕಾರ, ಒಂದು ರಾಜಮನೆತನ, ಹತ್ತು ವರ್ಷದ ಯುದ್ಧ ಎಲ್ಲವನ್ನೂ ನನ್ನ ಪಾತ್ರಗಳ ತಲೆಗೆ ಕಟ್ಟಿದ್ದೆ. ಯಾರ ಬದುಕು ಯಾವ ದೊಡ್ಡ ಘಟನೆಗೆ ಸಿಕ್ಕಿ ಹಾಳಾಯಿತೆಂದು ಹಾಳೆ ನೋಡಿ ಹೇಳುತ್ತಿದ್ದೆ. ಎದುರಿಗೆ ಕೂತವಳ ಬದುಕಿಗೂ ದೇಶದ ದೊಡ್ಡ ಘಟನೆಯೊಂದು ತಾಗಿತ್ತು, ನಿಜ. ಆದರೆ ಅದು ತಾಗಿ ಹೋಗಿತ್ತು. ಅವಳು ಮರಳಿ ಶಾಲೆಗೆ ಬಂದಿದ್ದಳು. ಬಾಗಿಲು ಹಾಕಿದವಳು ನಾನು. ಹೇಳಿಬಿಟ್ಟೆ. ಚುಕ್ಕಿ, ಕೆಂಪು ಶಾಯಿ, ಸ್ಟಾಫ್ ರೂಮಿನ ನಗು, ಹೆಡ್‌ಮಾಸ್ತರ ಹತ್ತಿರ ಆಡದ ಮಾತು, ಎಲ್ಲ.

ಅವಳು ಹೊಲಿದ ಕಂತುಗಳನ್ನು ಕೆಳಗಿಟ್ಟಳು.

"ಸುಗ್ಗಿಗೆ ಹೋದೋರ್ದು?"

"ಅವರಿಗೆಲ್ಲ ಹಾಜರಿ ಹಾಕಿದೆ."

"ನಂಗೊಬ್ಳಿಗೇನಾ?"

"ಹೂಂ."

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪತ್ರವನ್ನು ನಿಧಾನವಾಗಿ ಮಡಚಿದಳು.

"ಮೇಡಂ, ಇದನ್ನ ಅಪ್ಪಗೆ ಹೇಳ್ರೀ. ನಾನ್ ಹೇಳಿದ್ರೆ ನಂಬಲ್ಲ, ನಿಮ್ ಮೇಲೆ ಅಷ್ಟು ಗೌರವ. ನಾಲ್ಕು ವರ್ಷದಿಂದ ಅಪ್ಪ ನನ್ ಮುಖ ನೋಡಿ ಮಾತಾಡಲ್ಲ. ತಾನೇ ನನ್ ಓದು ಕೆಡ್ಸಿದೆ ಅಂತ ತಿಳ್ಕೊಂಡಾನೆ. ಅಷ್ಟೊಂದ್ ಮಾಡ್ರೀ. ಪಾಠ ಸೋಮವಾರದಿಂದ ಶುರು ಮಾಡಾಣ."

ನಾಳೆಯೇ ಬರುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ಹೋದೆ. ನಾಲ್ಕು ವರ್ಷ ತಪ್ಪಿಸಿದ್ದ ರಸ್ತೆ. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿದೆ. ತಪ್ಪು ನಿಮ್ಮದಲ್ಲ, ನನ್ನದು. ಮೂರೇ ಪದ. ಟ್ರಂಕಿನವರು ತಗಡು ಬಡಿಯುತ್ತಿದ್ದವರು ನನ್ನನ್ನು ಕಂಡು ದಡಬಡಿಸಿ ಎದ್ದರು. ಸ್ಟೂಲು ಒರೆಸಿ ಕೂರಿಸಿದರು, ಒಳಗಿನಿಂದ ಚಹಾ ತರಿಸಿದರು. ಮಗಳು ಒಂದು ಮೂಲೆಯಲ್ಲಿ ಯಾರದೋ ಮದುವೆಯ ಟ್ರಂಕಿಗೆ ಹೆಸರು ಬರೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಮಗಳು ಹೇಳಿದ್ಲು ಮೇಡಂ, ನೀವೇ ಪಾಠ ಹೇಳ್ತೀರಂತ. ನಿಮ್ ಮುಖ ನೋಡಾಕೆ ನನಗೆ ನಾಚ್ಕಿ ಆಗ್ತೈತ್ರೀ. ಅವತ್ತು ನೀವು ಹೆಡ್‌ಮಾಸ್ತರ ಹತ್ರ ಅಷ್ಟು ಹೇಳಿದ್ರಿ. ನಾನು ಒಂದ್ ಚೀಟಿ ತಂದುಕೊಡ್ಲಿಲ್ಲ. ನನ್ ಹೆದ್ರಿಕಿ, ನನ್ ಹಟ, ಎರಡೂ ಸೇರಿ ಹುಡ್ಗಿ ಬಾಳು ಕೆಡ್ಸಿದ್ವು. ತಪ್ಪಾತ್ರೀ. ಮಾಫ್ ಮಾಡಿಬಿಡ್ರೀ."

ಅವರು ಎರಡೂ ಕೈ ಜೋಡಿಸಿದರು. ಅಂಗೈ ತುಂಬ ತಗಡು ಕೊಯ್ದ ಗೆರೆಗಳು. ಮೂಲೆಯಲ್ಲಿ ಮಗಳ ಕುಂಚ ನಿಂತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಮೂರೂ ಪದ ನಾಲಿಗೆಯ ತುದಿಗೆ ಬಂದಿದ್ದವು. ನಾನು ಹೇಳಿದ್ದು ಬೇರೆ.

"ಇರ್ಲಿ ಬಿಡ್ರೀ. ಆಗಿದ್ದು ಆಗಿಹೋಯ್ತು. ಈಗ್ಲಾದ್ರೂ ಓದ್ಲಿ."

ಅವರ ಮುಖ ಅರಳಿತು. ಎದೆಯ ಮೇಲಿನ ಭಾರ ಇಳಿದವರಂತೆ ಉಸಿರು ಬಿಟ್ಟರು. ಅವರು ಮಾಡದ ತಪ್ಪನ್ನು ನಾನು ಕ್ಷಮಿಸಿದ್ದೆ. ಮಗಳು ತಲೆ ಬಗ್ಗಿಸಿ ಮತ್ತೆ ಬರೆಯತೊಡಗಿದಳು. ನಾನು ಚಹಾ ಮುಗಿಸಿದೆ. ರಸ್ತೆಯವರೆಗೆ ನನ್ನ ಜೊತೆ ಬಂದ ಅವರು ಪಕ್ಕದ ಅಂಗಡಿಯವರಿಗೆ, "ನಮ್ ಹುಡ್ಗಿ ಮೇಡಮ್ಮು. ದೊಡ್ಡ ಮನಸ್ಸಿನೋರು" ಎಂದರು. ಅದನ್ನೂ ಕೇಳಿಸಿಕೊಂಡು ನಮಸ್ಕಾರ ಮಾಡಿ ಬಂದೆ.

ಸೋಮವಾರ ಸಂಜೆ ಸೊರಬದಿಂದ ಬೇಗ ಬಂದು ಚಾಪೆ ಹಾಸಿ ಕೂತೆ. ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಬೇರೆ ಯಾರದೋ ಹತ್ತಿರ ಓದಿ ಪರೀಕ್ಷೆ ಕಟ್ಟಿದಳೆಂದು ಆಮೇಲೆ ಕೇಳಿದೆ. ಪಾಸಾದಳೋ ಇಲ್ಲವೋ ಎಂದು ವಿಚಾರಿಸುವ ಮುಖ ನನಗಿರಲಿಲ್ಲ.